ಸಾವಿರ ದಿನದ ಕೊಂಡಿ

ಒಸಡು ಲೋಹವನ್ನು ನಂಬುವುದಿಲ್ಲ. ಹುಟ್ಟಿನಿಂದ ಬಂದ ಹಲ್ಲಾದರೆ ಸಾವಿರಾರು ಎಳೆಗಳನ್ನು ಚಾಚಿ ಅದರ ಬುಡವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆ ಹಲ್ಲು ಹೋಗಿ ಅಲ್ಲಿ ಟೈಟೇನಿಯಂ ಬಂದು ಕೂತರೆ ಹಿಡಿಯುವುದಿಲ್ಲ, ಸುಮ್ಮನೆ ಒರಗಿಕೊಂಡಿರುತ್ತದೆ, ಒದ್ದೆ ಬಟ್ಟೆ ಗೋಡೆಗೆ ಅಂಟಿಕೊಂಡ ಹಾಗೆ. ಎಲುಬಿನೊಳಗೆ ತಿರುಪಿದ ಇಂಪ್ಲಾಂಟಿಗೂ ಮೇಲೆ ಕಾಣುವ ಹಲ್ಲಿಗೂ ನಡುವೆ, ಒಸಡನ್ನು ಹಾದು ನಿಲ್ಲುವ ಒಂದು ಗಿಡ್ಡ ಕಂಬವಿದೆ. ದಂತವೈದ್ಯರು ಅದನ್ನು ಅಬಟ್‌ಮೆಂಟ್ ಎನ್ನುತ್ತಾರೆ. ಒಸಡು ಒರಗುವುದು ಈ ಕಂಬಕ್ಕೆ. ಅವೆರಡರ ನಡುವಿನ ಸಂದಿಯಲ್ಲಿ ಕ್ರಿಮಿಗಳು ಇಳಿಯುತ್ತವೆ, ಎಲುಬು ಸವೆಯುತ್ತದೆ, ಕೊನೆಗೊಂದು ದಿನ ಹಲ್ಲು ಅಲುಗಾಡುತ್ತದೆ.

ಆ ಕಂಬವನ್ನೇ ತನ್ನ ಹಲ್ಲೆಂದು ನಂಬಿ ಒಸಡು ಹಿಡಿದುಕೊಳ್ಳುವಂತೆ ಮಾಡಿದರೆ ಏನಾದೀತು?

ಹುಬ್ಬಳ್ಳಿಯ ‘ದಂತಸೇತು’ ಕಂಪನಿಯ ಲ್ಯಾಬಿನಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿದವಳು ಮಂದಾಕಿನಿ ಅಣ್ಣಿಗೇರಿ. ಅವಳು ಹಲ್ಲಿನ ಡಾಕ್ಟರಲ್ಲ, ಲೋಹಶಾಸ್ತ್ರ ಓದಿದವಳು. ಅವಳನ್ನು ಒಂದು ಪಂಪಿನ ಕಾರ್ಖಾನೆಯಿಂದ ಕರೆತಂದು, “ಲೋಹದ ಮೈ ನಿನಗ ತಿಳೀತದ, ಒಸಡಿನ ಮನಸ್ಸು ನಾ ಹೇಳಿಕೊಡ್ತೀನಿ” ಎಂದವರು ಡಾ. ಅಚ್ಯುತರಾವ್ ಕಟಗೇರಿ. ದಂತವೈದ್ಯರು, ಕಂಪನಿಯ ಮುಖ್ಯ ವಿಜ್ಞಾನಿ. ಜೀವಕೋಶ ಹೇಗೆ ಬೆಳೆಸಬೇಕು, ಹೇಗೆ ಬಣ್ಣ ಹಾಕಿ ನೋಡಬೇಕು, ಎಲ್ಲವನ್ನೂ ಅವರೇ ಪಕ್ಕದಲ್ಲಿ ಕೂತು ಕಲಿಸಿದರು. ತಂದೆಯಿಲ್ಲದ ಮಂದಾಕಿನಿ ಅವರನ್ನು ‘ಸರ್’ ಎನ್ನುವಾಗ ಆ ಶಬ್ದದೊಳಗೆ ಇನ್ನೊಂದು ಶಬ್ದವೂ ಇರುತ್ತಿತ್ತು.

ಐದು ವರ್ಷ ಹಿಡಿಯಿತು. ಮೊದಲು ಕಂಬದ ಸುತ್ತ ಲೇಸರ್‌ನಿಂದ ಬಳೆಗಳ ಹಾಗೆ ಗೀರುಗಳನ್ನು ಕೊರೆದಳು. ಒಂದೊಂದು ಗೀರು ಕೂದಲಿನ ಹತ್ತನೇ ಒಂದು ಪಾಲು. ಒಸಡಿನ ಕೋಶಗಳು ಆ ಗೀರುಗಳಲ್ಲಿ ಸಾಲಾಗಿ ಕೂತವು, ಆದರೆ ಕೈಚಾಚಲಿಲ್ಲ. ಆಮೇಲೆ ಪ್ಲಾಸ್ಮಾ, ಅಂದರೆ ವಿದ್ಯುತ್ತಿನಿಂದ ಹೊಳೆಯುವ ಅನಿಲ, ಹಾಯಿಸಿ ಲೋಹದ ಮೈಯನ್ನು ಶುದ್ಧ ಮಾಡಿದಳು. ಟೈಟೇನಿಯಂಗೂ ವಯಸ್ಸಾಗುತ್ತದೆ, ತಯಾರಾಗಿ ತಿಂಗಳು ಕಳೆದರೆ ಗಾಳಿಯ ಜಿಡ್ಡು ಹತ್ತಿ ಅದು ನೀರನ್ನು ಕೂಡ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕೊನೆಗೆ ಆ ಶುದ್ಧ ಮೈಮೇಲೆ ಒಂದೇ ಒಂದು ಅಣುವಿನ ದಪ್ಪದ ಪದರ ಬೆಳೆಸಿದಳು. ಪ್ರತಿ ಅಣುವಿಗೂ ಮೂರು ಭಾಗ: ಲೋಹವನ್ನು ಕಚ್ಚುವ ಪಾದ, ಒಸಡನ್ನು ಕರೆಯುವ ತಲೆ, ನಡುವೆ ಒಂದು ಗಟ್ಟಿ ಕೊಂಡಿ.

ಅದು ಕೆಲಸ ಮಾಡಿತು. ಒಸಡಿನ ಎಳೆಗಳು ಕಂಬಕ್ಕೆ ನೆಟ್ಟಗೆ ಬಂದು ನಾಟಿಕೊಂಡವು. ಪ್ರಯೋಗದ ಮೊಲಗಳ ಬಾಯಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಗಾಯ ಆರು ದಿನದಲ್ಲಿ ಮಾಯತೊಡಗಿತು. ಕಟಗೇರಿಯವರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ಕಣ್ಣೊರೆಸಿಕೊಂಡರು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು, “ನನ್ನ ಜನ್ಮ ಸಾರ್ಥಕ ಆತವಾ” ಅಂದರು.

ಆದರೂ ಎರಡು ವರ್ಷ ಆ ಪದರ ಲ್ಯಾಬಿನ ಕಪಾಟಿನಿಂದ ಆಚೆ ಬರಲಿಲ್ಲ. ಯಾಕೆ ಎಂದು ಕೇಳಿದಾಗಲೆಲ್ಲ ಕಟಗೇರಿಯವರು, “ಮಂದಿ ಒಪ್ಪಬೇಕಲ್ಲ, ತಡಿ” ಎನ್ನುತ್ತಿದ್ದರು.

ಆ ಹೊತ್ತಿಗೇ ಅವಳ ಅಕ್ಕ ಸ್ಕೂಟರಿನಿಂದ ಬಿದ್ದಳು.

ಕಸ್ತೂರಿ ಮಂದಾಕಿನಿಗಿಂತ ಒಂಬತ್ತು ವರ್ಷ ದೊಡ್ಡವಳು. ಧಾರವಾಡದ ಒಂದು ಕಿವುಡ ಮಕ್ಕಳ ಶಾಲೆಯಲ್ಲಿ ಮಾತು ಕಲಿಸುವ ಟೀಚರು. ಆ ಮಕ್ಕಳಿಗೆ ಕೇಳಿಸುವುದಿಲ್ಲ. ಟೀಚರ ಬಾಯಿಯನ್ನೇ ಓದುತ್ತಾರೆ. ‘ತುಟಿ’ ಎನ್ನುವಾಗ ‘ತು’ಗೆ ನಾಲಿಗೆ ಹಲ್ಲಿನ ಹಿಂದೆ ತಾಗಿದ್ದನ್ನೂ ‘ಟಿ’ಗೆ ಒಳಗೆ ಮಡಿಚಿದ್ದನ್ನೂ ಕಂಡು, ತಾವೂ ಕನ್ನಡಿಯ ಮುಂದೆ ಹಾಗೆಯೇ ಮಾಡಿ ನೋಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಕಸ್ತೂರಿಯ ಬಾಯಿಯೇ ಅವರ ಪಾಠಪುಸ್ತಕ. ನವಲೂರಿನ ಹತ್ತಿರ ಸ್ಕೂಟರ್ ಜಾರಿ ಆ ಬಾಯಿಯ ಮೇಲ್ಸಾಲಿನ ನಾಲ್ಕು ಮುಂದಿನ ಹಲ್ಲುಗಳು ರಸ್ತೆಯ ಪಾಲಾದವು.

ಆಸ್ಪತ್ರೆಗೆ ಮೊದಲು ಓಡಿಬಂದವರು ಕಟಗೇರಿಯವರು. ಥರ್ಮಾಸಿನಲ್ಲಿ ಚಹಾ ತಂದಿದ್ದರು. ಬೆಳಗಿನಿಂದ ಸಂಜೆಯತನಕ ಕಾರಿಡಾರಿನ ಬೆಂಚಿನ ಮೇಲೆ ಮಂದಾಕಿನಿಯ ಪಕ್ಕದಲ್ಲಿ ಕೂತಿದ್ದರು. “ನಮ್ಮ ಕಂಬಾನ ಹಾಕೋಣ ಅಕ್ಕಗ. ಪ್ರಯೋಗಕ್ಕ ಒಪ್ಪಿಗಿ ಬಂದದ. ಏಳನೇ ರೋಗಿ ನಿಮ್ಮಕ್ಕ” ಅಂದರು. ಮಂದಾಕಿನಿ ಅವರ ಕೈ ಹಿಡಿದು ಅತ್ತಳು. ಚೀಲದಿಂದ ಅವರು ಒಂದಷ್ಟು ಕಾಗದ ತೆಗೆದರು. “ಇವಕ್ಕ ನಿನ್ನ ಸಹಿ ಬೇಕು. ಕಪಾಟಿನಾಗ ಹೆಚ್ಚು ದಿನ ಬಾಳಿಕಿ ಬರಲಿ ಅಂತ ಸಣ್ಣ ಪುಟ್ಟ ಬದಲಾವಣಿ, ಅಷ್ಟ.” ಅವಳು ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದಾಗಿ ಸಹಿ ಮಾಡಿದಳು. ಓದಲಿಲ್ಲ. ಒಳಗೆ ಅಕ್ಕನ ತುಟಿಗೆ ಹೊಲಿಗೆ ಹಾಕುತ್ತಿದ್ದರು.

ನಾಲ್ಕು ತಿಂಗಳಿಗೆ ಇಂಪ್ಲಾಂಟಿಗೆ ಎಲುಬು ಕೂಡಿಕೊಂಡ ಮೇಲೆ ಕಂಬಗಳನ್ನೂ ಅವುಗಳ ಮೇಲೆ ಹಲ್ಲುಗಳನ್ನೂ ಕೂರಿಸಿದರು. ಆರನೆಯ ದಿನ ಮಂದಾಕಿನಿ ಅಕ್ಕನ ತುಟಿ ಎತ್ತಿ ನೋಡಿದಳು. ಒಸಡು ಎಳೆ ಗುಲಾಬಿ ಬಣ್ಣಕ್ಕೆ ತಿರುಗಿ ನಾಲ್ಕೂ ಕಂಬಗಳನ್ನು ಬಿಗಿಯಾಗಿ ಅಪ್ಪಿಕೊಂಡಿತ್ತು. ಕಸ್ತೂರಿ ಕನ್ನಡಿ ಹಿಡಿದು ‘ತ, ಥ, ದ, ಧ, ನ’ ಅಂದಳು. ಗಾಳಿ ಸೋರಲಿಲ್ಲ.

“ಮಂದಾ, ನಿನ್ನ ಹಲ್ಲಿಲೆ ಮಾತಾಡ್ತೀನಿ ಇನ್ಮ್ಯಾಲೆ” ಅಂದು ಅವಳ ಗಲ್ಲ ಹಿಂಡಿದಳು. “ಬೈಯೂದ ಬಿಡು ಅಂತೀ ಏನು? ಬಿಡಂಗಿಲ್ಲ.”

ಆಮೇಲೆ ಎರಡೂಮುಕ್ಕಾಲು ವರ್ಷ ಎಲ್ಲ ಸರಿಯಾಗಿಯೇ ಇತ್ತು. ದಂತಸೇತುವಿನ ಕಂಬ ಒಂಬತ್ತು ಸಾವಿರ ಬಾಯಿಗಳನ್ನು ಹೊಕ್ಕಿತು. ಮಂದಾಕಿನಿಯ ಹೆಸರು ಪತ್ರಿಕೆಯಲ್ಲಿ ಬಂತು. ಹೊಸದಾಗಿ ಶುರುವಾದ ದವಡೆ ಎಲುಬಿನ ಕೆಲಸಕ್ಕೆ ಅವಳನ್ನು ಇನ್ನೊಂದು ಕಟ್ಟಡಕ್ಕೆ ಕಳಿಸಿದರು. ಕಂಬದ ರೋಗಿಗಳ ಕಡತ ಅವಳ ಕಣ್ಣಿಗೆ ಬೀಳುವುದು ನಿಂತಿತು. ಕಸ್ತೂರಿಯನ್ನು ಮಾತ್ರ ಕಂಪನಿಯ ಕ್ಲಿನಿಕ್ಕಿನವರು ತಿಂಗಳಿಗೊಮ್ಮೆ ತಪ್ಪದೆ ಕರೆದು ನೋಡುತ್ತಿದ್ದರು. “ನನ್ನ ಮ್ಯಾಲೆ ಭಾಳ ಕಾಳಜಿ ಅವರಿಗೆ” ಎಂದು ಅವಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಒಂದು ರವಿವಾರ ಊಟಕ್ಕೆ ಹೋದ ಮಂದಾಕಿನಿ ಅಕ್ಕ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಒಂದೇ ಬದಿಯ ದವಡೆಯಿಂದ ಅಗಿಯುವುದನ್ನು ಕಂಡಳು.

“ಏನಾಗೇತಿ ಅಕ್ಕ?”

“ಏನಿಲ್ಲ ಬಿಡು.”

“ಬಾಯಿ ತಗಿ.”

ಕಸ್ತೂರಿ ತೆಗೆಯಲಿಲ್ಲ. ಬಹಳ ಹೊತ್ತು ಒತ್ತಾಯ ಮಾಡಿದ ಮೇಲೆ ಒಳಕೋಣೆಗೆ ಹೋಗಿ ಒಂದು ಕಾರ್ಡು ತಂದು ಕೊಟ್ಟಳು. ಕ್ಲಿನಿಕ್ಕಿನ ಕಾರ್ಡು. ಕೊನೆಯ ಸಾಲಿನಲ್ಲಿ ‘ರೋಗಿಯ ನಿರ್ಲಕ್ಷ್ಯ. ಶುಚಿತ್ವ ಸಾಲದು’ ಎಂದು ಬರೆದಿತ್ತು.

“ನಾ ಮೂರ ಹೊತ್ತು ತಿಕ್ಕೊತೀನಿ ಮಂದಾ” ಅಂದಳು. ಐವತ್ತೆರಡು ವರ್ಷದ ಹೆಂಗಸು, ಶಾಲೆಯಲ್ಲಿ ತಪ್ಪು ಮಾಡಿ ನಿಂತ ಹುಡುಗಿಯ ಹಾಗೆ ನೆಲ ನೋಡುತ್ತಿದ್ದಳು. “ನೀ ಎಷ್ಟ್ ಕಷ್ಟಪಟ್ಟು ಮಾಡಿದ್ದಿ. ನಾನ ಕೆಡಿಸಿಕೊಂಡ್ನಿ. ನಿನಗ ಹೆಂಗ ಹೇಳ್ಲಿ ಅಂತ ಸುಮ್ಮನಿದ್ದೆ.”

ಕೊನೆಗೆ ಬಾಯಿ ತೆಗೆದಳು. ಒಸಡು ನಾಲ್ಕೂ ಕಂಬಗಳಿಂದ ಸರಿದು ಲೋಹದ ಬೂದು ಅಂಚು ಕಾಣುತ್ತಿತ್ತು. ಒಂದರ ಬುಡದಲ್ಲಿ ಕೀವು ಕೂಡಿತ್ತು. ಮಂದಾಕಿನಿ ಕಂಪನಿಯ ಕ್ಲಿನಿಕ್ಕಿಗೆ ಫೋನ್ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ಅವಳಿಗೂ ಆಗ ಹೇಳಲು ಬರುತ್ತಿರಲಿಲ್ಲ. ಮರುದಿನ ದುರ್ಗದಬೈಲಿನ ಒಬ್ಬ ಹಳೆಯ ದಂತವೈದ್ಯರ ಹತ್ತಿರ ಅಕ್ಕನನ್ನು ಕರೆದುಕೊಂಡು ಹೋಗಿ ಕೀವಾದ ಕಂಬವನ್ನು ಬಿಚ್ಚಿಸಿದಳು. ಕಂಬವನ್ನೂ, ಅದಕ್ಕೆ ತಾಗಿದ್ದ ಅಕ್ಕಿಕಾಳಿನಷ್ಟು ಒಸಡಿನ ಚೂರನ್ನೂ ಶೀಶೆಯಲ್ಲಿ ಹಾಕಿಸಿಕೊಂಡಳು.

ಲ್ಯಾಬಿನಲ್ಲಿ ಮೊದಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಳು. ಗೀರುಗಳು ನೆಟ್ಟಗಿದ್ದವು, ತಾನು ಕೊರೆದ ಹಾಗೆಯೇ. ಹಲ್ಲು ತಿಕ್ಕದ ಬಾಯಿಯಾಗಿದ್ದರೆ ಕ್ರಿಮಿಗಳ ಹಳೆಯ ಗಾರೆ ಗೀರುಗಳ ತಳದವರೆಗೂ ತುಂಬಿರಬೇಕಿತ್ತು. ಇಲ್ಲಿ ಮೇಲಂಚಿನಲ್ಲಷ್ಟೇ ಕ್ರಿಮಿಗಳಿದ್ದವು, ಅವೂ ಹೊಸವು. ಎಂದರೆ ಕ್ರಿಮಿ ಬಂದು ಒಸಡು ಬಿಟ್ಟದ್ದಲ್ಲ. ಒಸಡು ಬಿಟ್ಟ ಮೇಲೆ ಕ್ರಿಮಿ ಬಂದದ್ದು.

ಹಾಗಾದರೆ ಒಸಡು ಬಿಟ್ಟದ್ದೇಕೆ?

ಅಣುಗಳ ತೂಕ ನೋಡುವ ಯಂತ್ರಕ್ಕೆ ಎರಡು ಮಾದರಿ ಕೊಟ್ಟಳು. ಒಂದು ಕಂಬದ ಮೈಯದು, ಇನ್ನೊಂದು ಒಸಡಿನ ಚೂರಿನದು. ಕಂಬದ ಮೇಲೆ ಅವಳ ಅಣುವಿನ ಪಾದಗಳಿದ್ದವು, ಒಸಡಿನಲ್ಲಿ ತಲೆಗಳಿದ್ದವು. ಎಲ್ಲವೂ ನಡುವೆ ಒಂದೇ ಜಾಗದಲ್ಲಿ ಬೇರೆಯಾಗಿದ್ದವು. ಹರಿದುಹೋದ ವಸ್ತು ಹೀಗೆ ಒಂದೇ ಗೆರೆಯಲ್ಲಿ ಹರಿಯುವುದಿಲ್ಲ. ಅದು ಅಲ್ಲಲ್ಲಿ ಕಿತ್ತು ಚಿಂದಿಯಾಗುತ್ತದೆ. ಪರದೆಯ ಮೇಲಿನ ಅಂಕಿಗಳನ್ನು ಅವಳು ಮತ್ತೆ ಮತ್ತೆ ಓದಿದಳು. ಕೊಂಡಿಯ ತೂಕವೇ ಬೇರೆಯಿತ್ತು. ಅದು ಅವಳ ಕೊಂಡಿ ಅಲ್ಲ. ಬಾಯಿಯ ಜೊಲ್ಲಿನಲ್ಲಿ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಸವೆದು ಕೊನೆಗೆ ಬಿಚ್ಚಿಕೊಳ್ಳುವ ಬೇರೊಂದು ಕೊಂಡಿ.

ಯಾರೋ ಲೆಕ್ಕ ಹಾಕಿ ಇಟ್ಟದ್ದು.

ತಯಾರಿಕೆಯ ಕಡತ ತೆಗೆಸಿದಳು. ಬದಲಾವಣೆಯ ಕಾಗದ ಮೂರನೆಯ ಪುಟದಲ್ಲಿತ್ತು. ‘ಕಪಾಟಿನ ಬಾಳಿಕೆಗಾಗಿ ನಡುಕೊಂಡಿಯ ಬದಲಾವಣೆ.’ ಕೆಳಗೆ ಸಹಿ: ಮಂದಾಕಿನಿ ಅಣ್ಣಿಗೇರಿ. ದಿನಾಂಕ, ಅಕ್ಕ ಬಿದ್ದ ದಿನದ್ದು. ತೊಡೆಯ ಮೇಲಿಟ್ಟು ಬರೆದದ್ದರಿಂದ ಅಕ್ಷರ ಸ್ವಲ್ಪ ಓರೆಯಾಗಿತ್ತು.

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಚಹಾದ ಥರ್ಮಾಸು, ಬೆಂಚು, ತಾನು ಹಿಡಿದು ಅತ್ತ ಕೈ, ಎಲ್ಲ ನೆನಪಾಯಿತು.

ಆ ಸಂಜೆ ಅಕ್ಕ ಫೋನ್ ಮಾಡಿ ಕೇಳಿದಳು, “ಏನರ ಗೊತ್ತಾತೇನ?”

“ಇನ್ನೂ ನೋಡಾಕತ್ತೀನಿ” ಅಂದಳು ಮಂದಾಕಿನಿ.

ಅದು ಪೂರ್ತಿ ಸುಳ್ಳಲ್ಲ. ಒಂದೇ ಕಂಬದ ಮೇಲೆ ಇಷ್ಟು ದೊಡ್ಡ ಮಾತು ಹೇಳಲು ಬರುವುದಿಲ್ಲ. ಬೇರೆ ರೋಗಿಗಳಿಂದ ಬಿಚ್ಚಿದ ಕಂಬಗಳನ್ನು ಹುಡುಕಿ ತರಿಸಿದಳು, ಒಂದಾದ ಮೇಲೆ ಒಂದು ಹದಿನಾಲ್ಕು. ಹದಿನಾಲ್ಕರಲ್ಲೂ ಅದೇ ಕೊಂಡಿ, ಅದೇ ಗೆರೆ. ಆದರೂ ಹೇಳಲಿಲ್ಲ. ಹೇಳಬೇಕೆಂದು ಧಾರವಾಡಕ್ಕೆ ಹೋಗಿ, ಉಂಡು, ಮಾತಾಡಿ, ಹೇಳದೆ ತಿರುಗಿ ಬಂದಳು. ಸಹಿಯ ಮಾತು ಬರುವಲ್ಲಿಗೆ ನಾಲಿಗೆ ಏಳುತ್ತಿರಲಿಲ್ಲ. ಹೀಗೆ ಮೂರು ವಾರ ಕಳೆಯಿತು. ಆ ಮೂರು ವಾರವೂ ಕಸ್ತೂರಿ ದಿನಕ್ಕೆ ಐದು ಸಲ ಹಲ್ಲು ತಿಕ್ಕಿದಳು. ಬಚ್ಚಲಿನ ಬಿಳಿ ಬೇಸಿನ್ನಿನಲ್ಲಿ ರಕ್ತದ ಎಳೆ ಉಳಿದದ್ದನ್ನು ಮಂದಾಕಿನಿ ಒಮ್ಮೆ ಕಣ್ಣಾರೆ ಕಂಡಳು. ನೀರು ಬಿಟ್ಟು ತೊಳೆದು ಹೊರಗೆ ಬಂದಳು.

ಕೊನೆಗೆ ಕ್ಲಿನಿಕ್ಕಿನ ಹಳೆಯ ಕಡತಗಳ ನಡುವೆ ರೋಗಿಗಳ ಮೂಲ ಪಟ್ಟಿ ಅವಳ ಕೈಗೆ ಸಿಕ್ಕಿತು. ಏಳನೆಯ ಸಾಲಿನಲ್ಲಿ ಅಕ್ಕನ ಹೆಸರು. ಅದರ ಮುಂದೆ ಕಟಗೇರಿಯವರ ಚಂದದ ಅಕ್ಷರದಲ್ಲಿ: ‘ಶುಚಿತ್ವ ಅತ್ಯುತ್ತಮ. ಮಾನದಂಡ. ಚಿಕಿತ್ಸೆ ಬೇಡ, ಒಸಡು ಬಿಡುವ ದಿನ ಗುರುತಿಸಿ.’ ಮುಂದಿನ ಅಂಕಣದಲ್ಲಿ ಒಂದು ಅಂಕಿ: ೧೦೪೨ ದಿನ.

ಅವಳು ಪಟ್ಟಿಯನ್ನು ಹಿಡಿದುಕೊಂಡೇ ಅವರ ಕೋಣೆಗೆ ನಡೆದಳು. ಮಧ್ಯಾಹ್ನದ ಊಟ ಮುಗಿಸಿ ಅವರು ಬಡೇಸೋಪು ಅಗಿಯುತ್ತ ಕೂತಿದ್ದರು.

“ಬಾ ಮಂದಾಕಿನಿ, ಕೂಡ್ರು.”

“ಕೂಡ್ರಂಗಿಲ್ರಿ. ಕೊಂಡಿ ಯಾಕ ಬದಲ ಮಾಡಿದ್ರಿ ಸರ್?”

ಅವರು ಪಟ್ಟಿಯನ್ನು ನೋಡಿದರು, ಅವಳ ಮುಖ ನೋಡಿದರು. ಗಾಬರಿಯಾಗಲಿಲ್ಲ. ಎದ್ದು ಬಾಗಿಲು ಮುಚ್ಚಿ ಬಂದು ಕೂತರು.

“ಒಮ್ಮೆ ಹಾಕಿದ್ರ ಸಾಯೋತನಕ ಬರೋ ವಸ್ತುವನ್ನ ಯಾವ ಕಂಪನಿ ಮಾಡ್ತದ ಹೇಳು? ನಿನ್ನ ಪದರ ಎರಡು ವರ್ಷ ಕಪಾಟಿನಾಗ ಕೂತಿತ್ತು. ನಾ ಯಾರ್ಯಾರ ಬಾಗಿಲಿಗೆ ಹೋಗಿ ನಿಂತೀನಿ ನಿನಗ ಗೊತ್ತಿಲ್ಲ. ರೋಗಿ ತಿರುಗಿ ಬರಬೇಕು ಅಂದ್ರು ರೊಕ್ಕ ಹಾಕೋರು ಎಲ್ಲಾರೂ. ಮೂರು ವರ್ಷಕ್ಕೊಮ್ಮೆ ನವೀಕರಣ ಅಂತ ಇಟ್ಟ ಮ್ಯಾಲೆ ಒಪ್ಪಿದ್ರು. ಇವತ್ತ ಒಂಬತ್ತು ಸಾವಿರ ಮಂದಿ ರೊಟ್ಟಿ ಕಡಿಲಿಕ್ಕತ್ತಾರ. ಆ ಕೊಂಡಿ ಇರಲಿಲ್ಲಂದ್ರ ಒಬ್ಬರೂ ಇರತಿರಲಿಲ್ಲ.”

“ಅವರಿಗೆ ಹೇಳಿದ್ರೇನ್ರಿ ಇದನ್ನ? ಮೂರು ವರ್ಷಕ್ಕ ಬಿಚ್ಚತೈತಿ ಅಂತ?”

“ಹೇಳಿದ್ರ ಯಾರು ಹಾಕಿಸ್ಕೋತಾರ?”

“ಅದಕ್ಕ ಅವರಿಗೆ ‘ನೀವ ತಿಕ್ಕಿಲ್ಲ, ನಿಮ್ಮದ ತಪ್ಪು’ ಅಂತ ಕಾರ್ಡಿನಾಗ ಬರದ್ರಿ.”

ಅವರು ಬಡೇಸೋಪಿನ ಡಬ್ಬಿ ಮುಚ್ಚಿ ಪಕ್ಕಕ್ಕೆ ಸರಿಸಿದರು.

“ನಮ್ಮಕ್ಕನ್ನ ಯಾಕ್ರಿ ಸರ್?” ಅವಳು ಪಟ್ಟಿಯ ಏಳನೆಯ ಸಾಲಿನ ಮೇಲೆ ಬೆರಳಿಟ್ಟಳು. “ಹುಣ್ಣಾಗಿ ಕೀವಾಗೋತನಕ ನೋಡ್ಕೊಂತ ಕುಂತ್ರಿ. ತಿಂಗಳಿಗೊಮ್ಮೆ ಕರದು ನೋಡಿದ್ರಿ.”

ಕಟಗೇರಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಉಳಿದವರೆಲ್ಲ ಎಲಿ ಅಡಿಕಿ, ತಂಬಾಕು ತಿನ್ನೋ ಬಾಯಿ. ಕೊಂಡಿ ಖರೇನ ಎಷ್ಟು ದಿನ ತಡೀತದ ಅಂತ ತಿಳೀಬೇಕಾದ್ರ ಒಂದು ಸ್ವಚ್ಛ ಬಾಯಿ ಬೇಕಾಗಿತ್ತು. ನಿಮ್ಮಕ್ಕನಷ್ಟು ಶಿಸ್ತಿನವರು ಇನ್ನೊಬ್ರು ಸಿಗಲಿಲ್ಲ.”

ಅದನ್ನು ಅವರು ಹೊಗಳಿಕೆಯಂತೆಯೇ ಹೇಳಿದರು. ಅವಳಿಗೆ ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು ಅದು.

“ಮುಂದಿನ ತಿಂಗಳು ನವೀಕರಣದ ಜೆಲ್ ಬರ್ತದ” ಎಂದು ಅವರು ಸಮಾಧಾನದ ದನಿಯಲ್ಲಿ ಮುಂದುವರಿಸಿದರು. “ಮೊದಲ ಅಕ್ಕಗ ಹಚ್ಚೋಣ. ಎಲ್ಲ ಸರಿಹೋಗ್ತದ. ಮನಿಗೆ ಹೋಗಿ ವಿಚಾರ ಮಾಡು. ಕಾಗದದ ಮ್ಯಾಲೆ ಇರೋ ಸಹಿ ನನ್ನದಲ್ಲ, ನಿಂದು. ಅದನ್ನೂ ವಿಚಾರ ಮಾಡು.”

ಮಂದಾಕಿನಿ ಅವರ ಮುಖವನ್ನೇ ನೋಡುತ್ತ ನಿಂತಳು. ಅದೇ ಮುಖ, ಅದೇ ಮೆತ್ತನೆಯ ದನಿ. ಪಂಪಿನ ಕಾರ್ಖಾನೆಯಿಂದ ತನ್ನನ್ನು ಎತ್ತಿ ತಂದವರು ಇವರೇ. ಜನ್ಮ ಸಾರ್ಥಕವಾಯಿತು ಎಂದಾಗ ಅವರ ಕಣ್ಣಲ್ಲಿ ನೀರು ಬಂದಿತ್ತು. ಆ ನೀರು ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ಒಳ್ಳೆಯದಿತ್ತು, ದ್ವೇಷಿಸುವುದು ಸುಲಭವಾಗುತ್ತಿತ್ತು ಎನಿಸಿತು.

ಅಲ್ಲಿಂದ ನೇರ ಧಾರವಾಡದ ಬಸ್ಸು ಹತ್ತಿದಳು. ಶಾಲೆ ಬಿಡುವ ಹೊತ್ತು. ಕಸ್ತೂರಿ ಖಾಲಿ ತರಗತಿಯಲ್ಲಿ ಕನ್ನಡಿಗಳನ್ನು ಒರೆಸಿ ಇಡುತ್ತಿದ್ದಳು. ಮಕ್ಕಳ ಪುಟ್ಟ ಬೆಂಚಿನ ಮೇಲೆ ಎದುರುಬದುರು ಕೂತು ಮಂದಾಕಿನಿ ಎಲ್ಲವನ್ನೂ ಹೇಳಿದಳು. ಕೊಂಡಿ, ಒಂಬತ್ತು ಸಾವಿರ ಮಂದಿ, ಏಳನೆಯ ಸಾಲು. ಆಸ್ಪತ್ರೆಯ ಬೆಂಚಿನ ಮೇಲೆ ಮಾಡಿದ ಸಹಿ.

ಕಸ್ತೂರಿ ಕೈಯಲ್ಲಿದ್ದ ಕನ್ನಡಿಯನ್ನು ಕೆಳಗಿಟ್ಟಳು. ಅವಳ ಕಣ್ಣು ತಂಗಿಯ ತುಟಿಗಳ ಮೇಲೆಯೇ ನಟ್ಟಿತ್ತು, ಅವಳ ಮಕ್ಕಳು ನೋಡುವ ಹಾಗೆ. ಎಲ್ಲ ಮುಗಿದ ಮೇಲೆ ಕೇಳಿದಳು:

“ಸಹಿ ನೀ ಓದಲಾರದ ಮಾಡಿದ್ದಿ. ನನ್ನ ಚಿಂತ್ಯಾಗ ಮಾಡಿದ್ದಿ. ಅದು ತಿಳೀತು. ನನ್ನ ತಪ್ಪಲ್ಲಂತ ನಿನಗ ಯಾವಾಗ ಗೊತ್ತಾತು?”

ಮಂದಾಕಿನಿ ತಲೆ ತಗ್ಗಿಸಿದಳು. “ಮೂರು ವಾರ ಆತು.”

“ಮೂರು ವಾರ” ಅಂದಳು ಕಸ್ತೂರಿ. ಮತ್ತೆ ಮೆಲ್ಲಗೆ, “ಮೂರು ವಾರ ನಾ ರಕ್ತ ಬರೂತನಕ ತಿಕ್ಕೊಂಡೆ, ನೀ ನೋಡ್ಕೊಂತಿದ್ದಿ. ಆ ಡಾಕ್ಟರೂ ನೋಡ್ಕೊಂತಿದ್ದ.”

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಉಳಿದ ಕನ್ನಡಿಗಳನ್ನು ಒರೆಸಿ, ಕಪಾಟಿಗೆ ಕೀಲಿ ಹಾಕಿ, ತಂಗಿಗಿಂತ ಮೊದಲು ಹೊರಗೆ ನಡೆದಳು.

ಮರುದಿನ ಮಂದಾಕಿನಿ ಎಲ್ಲ ಪುರಾವೆಗಳನ್ನು ಜೋಡಿಸಿ ವೈದ್ಯ ಉಪಕರಣಗಳ ಸರ್ಕಾರಿ ಇಲಾಖೆಗೆ ಕಳಿಸಿದಳು. ಮೊದಲ ಪುಟದಲ್ಲಿ ತನ್ನ ಓರೆ ಸಹಿಯ ಕಾಗದವನ್ನೇ ಇಟ್ಟಳು. ಕಂಪನಿ ಅವಳನ್ನು ಕೆಲಸದಿಂದ ತೆಗೆಯಿತು, ತಪ್ಪೆಲ್ಲ ಅವಳದೇ ಎಂದಿತು. ವಿಚಾರಣೆ ಏಳು ತಿಂಗಳು ನಡೆಯಿತು. ಕಟಗೇರಿಯವರು ಒಮ್ಮೆಯೂ ಅವಳತ್ತ ನೋಡಲಿಲ್ಲ; ತಮ್ಮ ಕೈಬರಹದ ಪಟ್ಟಿಯನ್ನು ಪರದೆಯ ಮೇಲೆ ತೋರಿಸಿದಾಗ ಮಾತ್ರ ಕನ್ನಡಕ ತೆಗೆದರು. ಅವರ ಪರವಾನಗಿ ಹೋಯಿತು. ಮಂದಾಕಿನಿಗೂ ಎರಡು ವರ್ಷ ಇಂಥ ಯಾವ ಪ್ರಯೋಗಕ್ಕೂ ಸಹಿ ಮಾಡಬಾರದೆಂದು ತೀರ್ಪಾಯಿತು. ಅದು ಸರಿಯೆಂದೇ ಅವಳಿಗೆ ಅನ್ನಿಸಿತು. ಮೊದಲಿನ ಗಟ್ಟಿ ಕೊಂಡಿಯ ವಿಧಾನವನ್ನು ಯಾರು ಬೇಕಾದರೂ ಬಳಸಬಹುದೆಂದು ಇಲಾಖೆಯವರು ಬಯಲಿಗಿಟ್ಟರು. ಮೂರು ದಂತ ಕಾಲೇಜುಗಳು ಅದನ್ನು ಕೈಗೆತ್ತಿಕೊಂಡವು, ಕಂಬ ಸಡಿಲಾದವರು ಒಬ್ಬೊಬ್ಬರಾಗಿ ಬಂದು ಬದಲಾಯಿಸಿಕೊಂಡರು. ಅವರ ಒಸಡುಗಳು ಮತ್ತೆ ಆರು ದಿನದಲ್ಲಿ ಮಾಯ್ದವು. ಲೋಹವನ್ನು ಮತ್ತೆ ನಂಬಿದವು.

ಕಸ್ತೂರಿ ಆ ಸಾಲಿನಲ್ಲಿ ನಿಲ್ಲಲಿಲ್ಲ. ಉಳಿದ ಮೂರು ಕಂಬ, ಕೆಳಗಿನ ಇಂಪ್ಲಾಂಟುಗಳು, ಎಲ್ಲವನ್ನೂ ತೆಗೆಸಿಬಿಟ್ಟಳು.

ಮರುವರ್ಷ ಒಂದು ರವಿವಾರ ಮಂದಾಕಿನಿ ಅಕ್ಕನ ಮನೆಗೆ ಹೋದಳು. ಚೀಲದಲ್ಲಿ ಒಂದು ಸ್ಟೀಲಿನ ಡಬ್ಬಿಯಿತ್ತು. ಅದರೊಳಗೆ ನಾಲ್ಕು ಹೊಸ ಕಂಬಗಳು. ಒಂದು ಕಾಲೇಜಿನ ಲ್ಯಾಬಿನಲ್ಲಿ ಬೇರೆಯವರ ಸಹಿಯ ಕೆಳಗೆ, ಆದರೆ ತನ್ನ ಕೈಯಾರೆ ಮಾಡಿದವು. ಇಬ್ಬರೂ ಉಂಡರು. ಕಸ್ತೂರಿ ಎದ್ದು ಬಾಯಿಂದ ಹಲ್ಲಿನ ಸೆಟ್ ತೆಗೆದು, ತೊಳೆದು, ನೀರಿನ ಬಟ್ಟಲಿನಲ್ಲಿಟ್ಟು ಬಂದು ಕೂತಳು.

ಮಂದಾಕಿನಿ ಡಬ್ಬಿ ತೆರೆದು ಮುಂದಿಟ್ಟಳು. “ಎಲುಬು ಇನ್ನೂ ಗಟ್ಟಿ ಐತಿ ಅಕ್ಕ, ಇಂಪ್ಲಾಂಟ್ ಮತ್ತ ಕೂಡ್ತೈತಿ. ಇದರಾಗ ಹಳೇ ಕೊಂಡಿನ. ಒಂದೊಂದೂ ನಾನ ಮಾಡೀನಿ.”

ಕಸ್ತೂರಿ ಒಂದು ಕಂಬವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ತಿರುಗಿ ಇಟ್ಟಳು.

“ಹೋದ ಸಲಾನೂ ನೀನ ಮಾಡಿದ್ದಿ” ಅಂದಳು. ಮುಂದಿನ ಹಲ್ಲಿಲ್ಲದ ಬಾಯಿಯಲ್ಲಿ ‘ದ’ದ ಜಾಗದಲ್ಲಿ ಬರೀ ಗಾಳಿ ಬಂತು. ಬಟ್ಟಲಿನತ್ತ ಕೈತೋರಿಸಿದಳು. “ಅದು ಸಡ್ಲ ಇರ್ತೈತಿ, ರೊಟ್ಟಿ ಕಡಿಯಾಕ ಬರಂಗಿಲ್ಲ. ಆದ್ರ ಹಾಕೂದು ತಗಿಯೂದು ನನ್ನ ಕೈಯಾಗೈತಿ. ಅಷ್ಟ ಸಾಕು ನನಗ.”

ಮಂದಾಕಿನಿ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡು ಎದ್ದಳು. ಬಾಗಿಲಿಗೆ ಹೋಗುವಷ್ಟರಲ್ಲಿ ಅಕ್ಕ ಬಟ್ಟಲಿನ ಹತ್ತಿರ ನಡೆದದ್ದು ಕಂಡಿತು. ಕಸ್ತೂರಿ ತಂಗಿಗೆ ಬೆನ್ನು ಮಾಡಿ ನಿಂತು, ಹಲ್ಲು ಹಾಕಿಕೊಂಡಳು. ಆಮೇಲೆ, ತಿರುಗದೆ, ಪ್ರತಿ ಅಕ್ಷರವನ್ನೂ ಬಿಡಿಸಿ ಬಿಡಿಸಿ ಹೇಳಿದಳು:

“ಚಾ ಕುಡದು ಹೋಗು.”